ವಾಸನೆ ಇರಲಿಲ್ಲ

ಸ್ಟಾಪು ಬಂದರೂ ಬಸ್ಸು ನಿಲ್ಲಲಿಲ್ಲ. ಕಂಡಕ್ಟರ್ ಎರಡು ಸಲ ಸೀಟಿ ಊದಿದ. ಗಾಡಿ ಎಡಕ್ಕೆ ವಾಲುತ್ತಾ ಹೋಗಿ, ಫುಟ್‌ಪಾತಿನ ಅಂಚಿಗೆ ಚಕ್ರ ಉಜ್ಜಿಕೊಂಡು, ವಿದ್ಯುತ್ ಕಂಬಕ್ಕೆ ಇನ್ನೊಂದು ಗೇಣಿದೆ ಎನ್ನುವಾಗ ಇಂಜಿನ್ ಬಂದಾಗಿ ನಿಂತಿತು. ಬೆಳಗಿನ ಹತ್ತೂ ಹತ್ತು. ಒಳಗೆ ಮೂವತ್ತು ಜನರಿದ್ದರು. ಯಾರಿಗೂ ಪೆಟ್ಟಾಗಲಿಲ್ಲ.

ಕಂಡಕ್ಟರ್ ಜನರನ್ನು ಸರಿಸಿಕೊಂಡು ಮುಂದೆ ಬಂದಾಗ ಡ್ರೈವರ್ ಸ್ಟೇರಿಂಗಿಗೆ ಎದೆಯೊರಗಿಸಿ ಕೂತಿದ್ದ. ಕಣ್ಣು ಅರ್ಧ ಮುಚ್ಚಿತ್ತು, ತುಟಿಯಂಚಿನಿಂದ ಜೊಲ್ಲು ಇಳಿಯುತ್ತಿತ್ತು. ಏನಾಯಿತೆಂದು ಕೇಳಿದರೆ ನಾಲಿಗೆ ಹೊರಳದೆ ಏನೋ ಉಲಿದ. ಬಾಗಿಲ ಬಳಿ ನಿಂತಿದ್ದವನೊಬ್ಬ, ಹತ್ತು ಗಂಟೆಗೇ ಏರಿಸಿಕೊಂಡು ಬಂದಿದ್ದಾನೆ ಪುಣ್ಯಾತ್ಮ ಎಂದು ಮೊಬೈಲ್ ತೆಗೆದ. ಕಂಡಕ್ಟರ್ ಅದಕ್ಕೆ ಕೈ ಅಡ್ಡ ಹಿಡಿದ. ಬ್ರೇಕ್ ಹಿಡಿಯುತ್ತಿಲ್ಲ, ಎಲ್ಲರೂ ಇಳಿಯಿರಿ ಎಂದು ಕೂಗಿ, ಹಿಂದೆ ಬಂದ ಬಸ್ಸಿಗೆ ಅವರನ್ನೆಲ್ಲ ಹತ್ತಿಸಿದ.

ಈ ಡ್ರೈವರ್ ಒಂದು ಕಾಲದಲ್ಲಿ ವಿಪರೀತ ಕುಡಿಯುತ್ತಿದ್ದ. ಎರಡು ಸಲ ಅಮಾನತಾಗಿತ್ತು. ಮೂರನೆಯ ಸಲ ಕೆಲಸವೇ ಹೋಗುವುದರಲ್ಲಿದ್ದಾಗ ಕಂಡಕ್ಟರ್ ಡಿಪೋ ಮ್ಯಾನೇಜರ್ ಎದುರು ನಿಂತು, ಇನ್ನೊಮ್ಮೆ ಇವನು ಕುಡಿದು ಗಾಡಿ ಮುಟ್ಟಿದರೆ ನನ್ನನ್ನೂ ಮನೆಗೆ ಕಳಿಸಿ ಎಂದು ಬರೆದುಕೊಟ್ಟಿದ್ದ. ಅದಾಗಿ ಆರು ವರ್ಷ. ಈ ಆರು ವರ್ಷದಲ್ಲಿ ಡ್ರೈವರ್ ಒಂದು ತೊಟ್ಟೂ ಮುಟ್ಟಿರಲಿಲ್ಲ. ಕಂಡಕ್ಟರ್ ಈಗ ಅವನ ಬಾಯಿಯ ಹತ್ತಿರ ಮೂಗು ತಂದು ಮೂಸಿ ನೋಡಿದ. ವಾಸನೆ ಇರಲಿಲ್ಲ. ವಾಸನೆ ಮುಚ್ಚುವುದು ಇವನಿಗೆ ಹೊಸದೇನಲ್ಲವಲ್ಲ ಅಂದುಕೊಂಡ.

ಕಂಕುಳಿಗೆ ಕೈಕೊಟ್ಟು ಎಬ್ಬಿಸಿ, ಹಿಂದಿನ ಉದ್ದ ಸೀಟಿನವರೆಗೆ ನಡೆಸಿದ. ಡ್ರೈವರನ ಬಲಗಾಲು ಎಳೆದುಕೊಂಡೇ ಬಂತು. ಮಲಗಿಸಿ, ತಲೆಯ ಕೆಳಗೆ ತನ್ನ ಚೀಲವಿಟ್ಟು, ಶಟರ್‌ಗಳನ್ನೆಲ್ಲ ಇಳಿಸಿದ. ಪಕ್ಕದಲ್ಲಿ ಮುಚ್ಚಿಹೋದ ಕಾರ್ಖಾನೆಯೊಂದರ ಗೋಡೆ. ಆ ರಸ್ತೆಯಲ್ಲಿ ಓಡಾಟ ಕಡಿಮೆ. ಮೊದಲೆಲ್ಲ ನಾಲ್ಕು ಗಂಟೆ ನಿದ್ದೆ ಹೊಡೆದರೆ ಇವನಿಗೆ ಅಮಲು ಇಳಿದುಬಿಡುತ್ತಿತ್ತು. ಡಿಪೋಗೆ ಫೋನ್ ಮಾಡಿ ಬ್ರೇಕಿನ ಸುಳ್ಳನ್ನೇ ಹೇಳಿದ. ಮೆಕ್ಯಾನಿಕ್ ಬೇರೆ ಕಡೆ ಹೋಗಿದ್ದಾನೆ, ಎರಡೂವರೆಯಾದರೂ ಆಗುತ್ತದೆ ಎಂದರು. ಕಂಡಕ್ಟರನಿಗೆ ಒಳ್ಳೆಯದೇ ಆಯಿತು.

ಡ್ರೈವರ್ ಎಡಗೈಯಿಂದ ಅವನ ಅಂಗಿ ಹಿಡಿದು ಎಳೆದ. ಏನೋ ಹೇಳಲು ಹೊರಟ. ಮಾತು ಕೂಡಲಿಲ್ಲ.

“ಆರು ವರ್ಷ ಆದ್ಮೇಲೆ ಹೀಗೆ ಮಾಡಿದ್ಯಲ್ಲಣ್ಣ,” ಎಂದ ಕಂಡಕ್ಟರ್. “ಸುಮ್ನೆ ಮಲ್ಕೋ. ಯಾರಿಗೂ ಹೇಳಲ್ಲ ನಾನು.”

ಡ್ರೈವರ್ ತಲೆಯನ್ನು ಅತ್ತಿತ್ತ ಆಡಿಸಿದ. ಮತ್ತೆ ಮತ್ತೆ ಆಡಿಸಿದ. ಕಣ್ಣಿನಿಂದ ನೀರಿಳಿಯಿತು. ಪಶ್ಚಾತ್ತಾಪ ಇರಬೇಕು, ಇರಲಿ ಬಿಡು ಅಂದುಕೊಂಡು ಕಂಡಕ್ಟರ್ ಅಂಗಿ ಬಿಡಿಸಿಕೊಂಡ. ಒಂದು ಗಂಟೆಗೆ ಡ್ರೈವರನ ಮೊಬೈಲ್ ಬಡಿದುಕೊಂಡಿತು. ಹೆಂಡತಿ. ಕಂಡಕ್ಟರನೇ ಎತ್ತಿ, ಗಾಡಿ ಕೆಟ್ಟಿದೆ ಅತ್ತಿಗೆ, ಅಣ್ಣ ಕೆಳಗಡೆ ಚಕ್ರ ನೋಡುತ್ತಿದ್ದಾನೆ, ಸಂಜೆ ಬರುತ್ತಾನೆ ಎಂದ.

ಮೆಕ್ಯಾನಿಕ್ ಬಂದಾಗ ಮೂರು ಗಂಟೆ ಹತ್ತಿರವಾಗಿತ್ತು. ಬ್ರೇಕ್ ತುಳಿದು ನೋಡಿ, ಚೆನ್ನಾಗೇ ಇದೆಯಲ್ಲ ಎಂದ. ಕಂಡಕ್ಟರ್ ಅವನನ್ನು ಪಕ್ಕಕ್ಕೆ ಕರೆದು ಗುಟ್ಟು ಹೇಳಿದ. ಮೆಕ್ಯಾನಿಕ್ ನಗುತ್ತಲೇ ಹಿಂದಿನ ಸೀಟಿನ ಕಡೆಗೆ ನಡೆದ. ಅಲ್ಲಿ ಅವನ ನಗು ನಿಂತಿತು. ಬಗ್ಗಿ ಡ್ರೈವರನ ಬಲಗೈ ಎತ್ತಿ ಬಿಟ್ಟ. ಕೈ ದೊಪ್ಪನೆ ಬಿತ್ತು.

“ಇದು ಕುಡಿದದ್ದಲ್ಲ ಕಣಯ್ಯ. ಲಕ್ವ. ನಮ್ಮಪ್ಪನಿಗೂ ಹೀಗೇ ಬಾಯಿ ಸೊಟ್ಟ ಆಗಿತ್ತು.”

ಆಸ್ಪತ್ರೆಯಲ್ಲಿ ಡಾಕ್ಟರು ಇದು ಶುರುವಾಗಿದ್ದು ಎಷ್ಟು ಹೊತ್ತಿಗೆ ಎಂದು ಕೇಳಿದರು. ಹತ್ತೂ ಹತ್ತಕ್ಕೆ ಎಂದ ಕಂಡಕ್ಟರ್. ಡಾಕ್ಟರು ಗೋಡೆಯ ಗಡಿಯಾರ ನೋಡಿದರು. ಹೆಪ್ಪುಗಟ್ಟಿದ ರಕ್ತ ಕರಗಿಸಲು ಔಷಧಿ ಇದೆ, ಆದರೆ ಶುರುವಾದ ನಾಲ್ಕೂವರೆ ತಾಸಿನೊಳಗೆ ಕೊಡಬೇಕಿತ್ತು ಎಂದರು. ಬೈಯಲಿಲ್ಲ. ಕಾಗದದಲ್ಲಿ ಬರೆದುಕೊಳ್ಳಲೆಂದು, ಅಷ್ಟು ಹೊತ್ತು ಎಲ್ಲಿದ್ದಿರಿ ಎಂದು ಕೇಳಿದರು. ಬಸ್ಸಿನಲ್ಲಿ ಎಂದ ಕಂಡಕ್ಟರ್.

ಜೀವಕ್ಕೇನೂ ಆಗಲಿಲ್ಲ. ಬಲಗೈ, ಬಲಗಾಲು, ಮಾತು ಹೋದವು. ಎರಡು ತಿಂಗಳ ಮೇಲೆ ಒಂದು ಭಾನುವಾರ ಕಂಡಕ್ಟರ್ ಅವನ ಮನೆಗೆ ಹೋದ. ಅದುವರೆಗೂ ಹೋಗುತ್ತಿದ್ದ, ಹಣ್ಣು ಇಟ್ಟು, ಡಿಪೋದ ಸುದ್ದಿ ಹೇಳಿ ಬರುತ್ತಿದ್ದ. ಅವತ್ತು ಕೂರಲಿಲ್ಲ. ಕಿಟಕಿಯ ಪಕ್ಕ ಮಂಚದ ಮೇಲೆ ಡ್ರೈವರ್ ಅಂಗಾತ ಮಲಗಿದ್ದ. ಹೆಂಡತಿ ಅವನ ಬಲಗೈ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸುತ್ತಿದ್ದಳು. ಕಂಡಕ್ಟರ್ ನಿಂತೇ ಎಲ್ಲ ಹೇಳಿದ. ಕುಡಿದಿದ್ದಾನೆ ಅಂದುಕೊಂಡಿದ್ದು, ಶಟರ್ ಇಳಿಸಿದ್ದು, ಫೋನಿನಲ್ಲಿ ಸುಳ್ಳು ಹೇಳಿದ್ದು. ಡ್ರೈವರ್ ಅವನ ಮುಖವನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಕೊನೆಗೆ ಎಡಗೈಯನ್ನು ಸ್ವಲ್ಪ ಎತ್ತಿ, ಹೋಗಲಿ ಬಿಡು ಎನ್ನುವಂತೆ ಆಡಿಸಿದ.

ಹೆಂಡತಿ ಹಿಡಿದಿದ್ದ ಬೆರಳುಗಳನ್ನು ಬಿಡಲಿಲ್ಲ. ಇನ್ನೊಂದು ಕೈಯಲ್ಲಿ ಸೆರಗೆಳೆದು ಮುಖ ಒರೆಸಿಕೊಂಡು, ಕಂಡಕ್ಟರನಿಗೆ ಸಮಾಧಾನವಾಗಲಿ ಎಂದೇ ಹೇಳಿದಳು.

“ನೀನ್ಯಾಕೆ ಕೊರಗ್ತೀಯ. ನಿನ್ನ ಜಾಗದಲ್ಲಿ ನಾನಿದ್ದಿದ್ರೂ ಕುಡಿದಿದ್ದಾನೆ ಅಂತ್ಲೇ ಅಂದ್ಕೊಳ್ತಿದ್ದೆ.”

ಡ್ರೈವರನ ಕಣ್ಣು ಕಂಡಕ್ಟರನಿಂದ ಹೆಂಡತಿಯ ಕಡೆಗೆ ಹೋಯಿತು. ಅಲ್ಲೇ ಕೆಲಹೊತ್ತು ನಿಂತಿತು. ಅವನು ಅವಳ ಕೈಯಿಂದ ಬೆರಳು ಬಿಡಿಸಿಕೊಳ್ಳಲು ಆಗದೆ, ಎಡಗೈಯಿಂದ ಮಂಚದ ಪಟ್ಟಿ ಹಿಡಿದು, ಹಲ್ಲು ಕಚ್ಚಿ ಮೈಯನ್ನೆಲ್ಲ ಎಳೆದುಕೊಂಡು, ಗೋಡೆಯ ಕಡೆಗೆ ಹೊರಳಿದ. ಎರಡು ತಿಂಗಳಲ್ಲಿ ಯಾರ ಆಸರೆಯೂ ಇಲ್ಲದೆ ಅವನು ಮಗ್ಗಲು ಬದಲಿಸಿದ್ದು ಅದೇ ಮೊದಲು.