ಅಂಜಲಿನ ಬಾಲ

“ಇವತ್ತು ಊಟಕ್ಕೆ ನಾನು ಹಿಡಿದ ಮೀನಿನದೇ ಗಸಿ” ಎಂದು ಹೊಸ ಅಳಿಯನೆದುರು ಸಂಜೀವ ಸಾಲ್ಯಾನರು ಕೊಚ್ಚಿಕೊಂಡಾಗಿತ್ತು. ಕಡಲ ಬಂಡೆಯ ಮೇಲೆ ಮೂರು ತಾಸು ಗಾಳ ಹಾಕಿ ಕೂತರೂ ಒಂದು ಮೀನೂ ಮೂಸಿ ನೋಡಲಿಲ್ಲ. ಅಳಿಯ ಚಹಾ ತರಲು ಹೋದಾಗ, ಪಕ್ಕದಲ್ಲಿ ಗಾಳ ಹಾಕಿದ್ದವನಿಂದ ಗುಟ್ಟಾಗಿ ಒಂದು ದೊಡ್ಡ ಅಂಜಲ್ ಮೀನು ಕೊಂಡು ಬುಟ್ಟಿಗೆ ಹಾಕಿಕೊಂಡರು.

ಅಳಿಯ ಬಂದು, ಮೀನು ಹಿಡಿದ ಕಥೆಯನ್ನು ಮಾವನ ಬಾಯಲ್ಲಿ ಕೇಳಿ ಬೆರಗಾಗುತ್ತಿರುವಾಗಲೇ, ಅಳತೆಪಟ್ಟಿ ಹಿಡಿದ ಹುಡುಗಿಯೊಬ್ಬಳು ಎದುರು ನಿಂತಳು.

“ಹವ್ಯಾಸಕ್ಕೆ ಗಾಳ ಹಾಕುವವರಿಗೆ ಎಷ್ಟು ದೊಡ್ಡ ಮೀನು ಸಿಗ್ತದೆ ಅಂತ ಸರ್ವೆ, ಅಂಕಲ್. ಇದು ನೀವೇ ಹಿಡಿದದ್ದಾ?”

ಸಾಲ್ಯಾನರು ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಕೊಳ್ಳುವುದನ್ನು ಇವಳು ನೋಡಿದಳೇ?

“ಮತ್ತೆ ಯಾರು ಹಿಡಿಯುವುದು? ಯಾಕೆ, ಸಂಶಯವಾ?”

“ಮಾವ ಅರ್ಧ ಗಂಟೆ ಜಗ್ಗಿದ್ದಂತೆ!” ಎಂದ ಅಳಿಯ, ಹೆಮ್ಮೆಯಿಂದ.

ಹುಡುಗಿ ಮೀನನ್ನು ಅಳೆದು ಬರೆದುಕೊಂಡಳು. ಆಮೇಲೆ ಚೀಲದಿಂದ ಸಣ್ಣ ಕತ್ತರಿ ತೆಗೆದಳು.

“ಅದೆಂಥದಕ್ಕೆ ಮಾರಾಯ್ತಿ?” ಎಂದರು ಸಾಲ್ಯಾನರು.

“ಅಳೆದ ಮೇಲೆ ಬಾಲಕ್ಕೊಂದು ಕಚ್ಚು ಹಾಕ್ತೇನೆ. ಅದೇ ಮೀನು ಮತ್ತೆ ಬಂದ್ರೆ ಗೊತ್ತಾಗ್ಬೇಕಲ್ಲ.”

ಅವಳು ಬಾಲವನ್ನು ಬಿಡಿಸಿ ಹಿಡಿದಳು. ಅದರಲ್ಲಿ ಆಗಲೇ ಎರಡು ಕಚ್ಚುಗಳಿದ್ದವು.

“ಬೆಳಿಗ್ಗೆಯಿಂದ ಈ ಅಂಜಲ್ ಹಿಡಿದವರಲ್ಲಿ ನೀವು ಮೂರನೆಯವರು, ಅಂಕಲ್.”