ದೋಣಿ ಕಟ್ಟುವ ಜಾಗ

ತಾಯಿ ದೋಣಿಯ ಅಂಚಿನಲ್ಲಿ ಕುಳಿತು ಅಕ್ಕಿ ತೊಳೆಯುತ್ತಿದ್ದಳು. ಹಿಂದಿನಿಂದ ಗಂಡ ಒದ್ದ ಒದೆತಕ್ಕೆ ಪಾತ್ರೆ ಹೊಳೆಗೆ ಹಾರಿತು.

"ದೋಣಿ ಎಲ್ಲಿ ಕಟ್ಟಲಿಕ್ಕೆ ಹೇಳಿದ್ದೆ ನಾನು?"

ತೆಂಗಿನಕಾಯಿ ಮಾರಲು ಈ ದೊಡ್ಡ ಪೇಟೆಗೆ ಬಂದಾಗಲೆಲ್ಲ ಗಂಡ ಆಚೆ ದಡದಲ್ಲಿ ನೀರಿಗಿಳಿದು ದಟ್ಟವಾಗಿ ಬೆಳೆದ ಕಾಂಡ್ಲಾ ಕಾಡಿನ ಮರೆಯಲ್ಲೇ ದೋಣಿ ಕಟ್ಟಿಸುತ್ತಿದ್ದ. ಅಲ್ಲಿ ಎಷ್ಟು ಹೊಡೆದರೂ ಕೇಳುವವರಿರಲಿಲ್ಲ. ಈ ಸಲ ಅವನು ಕುಡಿದು ಮಲಗಿದ್ದಾಗ ಅವಳೇ ಹುಟ್ಟು ಹಾಕಿ, ಮೀನು ಮಾರ್ಕೆಟ್ಟಿನ ಮೆಟ್ಟಿಲ ಬುಡದಲ್ಲಿ ಕಟ್ಟಿದ್ದಳು. "ಇಲ್ಲಿ ನಾಲ್ಕು ಜನ ಇರ್ತಾರೆ, ಹೆದರಬೇಡ ಮಗಾ" ಎಂದು ಮಗಳಿಗೆ ಹೇಳಿದ್ದಳು.

"ಮೆಲ್ಲಗೆ ಮಾತಾಡಿ, ಜನ ನೋಡ್ತಾರೆ" ಎಂದಳು ಈಗ.

"ನೋಡ್ಲಿ!"

ಅವನು ಅವಳ ಜುಟ್ಟು ಹಿಡಿದು ಮುಖವನ್ನು ಹಲಗೆಗೆ ಬಡಿದ. ಮತ್ತೆ ಬಡಿದ. ಮೂಗಿನಿಂದ ರಕ್ತ ಸುರಿಯಿತು. ಮೆಟ್ಟಿಲ ಮೇಲಿದ್ದವರು ಕತ್ತು ತಿರುಗಿಸಿ ನೋಡಿದರು.

"ಗಂಡ ಹೆಂಡತಿ ಮಾರಾಯಾ, ನಮಗೆಂತಕ್ಕೆ?" ಎಂದು ಒಬ್ಬ ಮೀನಿನ ಬುಟ್ಟಿ ಹೊತ್ತು ನಡೆದ.

ಗಂಡ ದೋಣಿಯ ಮೂಲೆಯಲ್ಲಿದ್ದ ಮಗಳ ಕಡೆ ಕೈ ಎತ್ತಿ ತಿರುಗಿದ. ಆಗ ತಾಯಿ ಹುಟ್ಟು ಎತ್ತಿ ಅವನ ಬೆನ್ನಿಗೆ ಬೀಸಿದಳು. ಅವನು ಕುಸಿದುಬಿದ್ದ.

ಎರಡನೇ ಏಟಿಗೆ ಕೈ ಎತ್ತುವಷ್ಟರಲ್ಲಿ ಐದಾರು ಗಂಡಸರು ದೋಣಿಗೆ ಹಾರಿದರು. ಅವಳ ಕೈ ತಿರುಚಿ ಹುಟ್ಟು ಕಿತ್ತುಕೊಂಡರು.

"ಕಟ್ಟಿಕೊಂಡ ಗಂಡನಿಗೇ ಹೊಡೆಯುದಾ? ನಾಚಿಕೆ ಇಲ್ವಾ ನಿಂಗೆ?"

ಗಂಡನನ್ನು ಎಬ್ಬಿಸಿ, ಮೈ ಸವರಿ, ಚಾ ಕುಡಿಸಲು ಮೇಲೆ ಕರೆದೊಯ್ದರು.

ಮಗಳು ತಾಯಿಯ ಸೆರಗಿನ ತುದಿಯಿಂದಲೇ ಅವಳ ಮೂಗು ಒರೆಸಿದಳು. ಆಚೆ ದಡದ ಕಾಡಿನ ಕಡೆ ಕೈ ತೋರಿಸಿದಳು.

"ಅಮ್ಮಾ, ನಾಳೆ ಅಲ್ಲೇ ಕಟ್ಟೋಣ್ವಾ? ಅಲ್ಲಿ ಅಪ್ಪನನ್ನು ಬಿಡಿಸ್ಲಿಕ್ಕೆ ಯಾರೂ ಬರುದಿಲ್ಲ ಅಲ್ವಾ?"