ಪೇಪರ್‌ವೇಟಿನ ಕೆಳಗೆ

ನಾವಿಕರು ಅಧಿಕಾರಿಗಳಾಗುವ ಪರೀಕ್ಷೆಗೆ ಅರ್ಜಿ ಕಳಿಸಲು ಅಂದೇ ಕೊನೆಯ ದಿನ. ಮುಂದಿನ ವರ್ಷಕ್ಕೆ ಆ ಯುವ ನಾವಿಕನ ವಯಸ್ಸು ಮೀರುತ್ತಿತ್ತು. ಹಿರಿಯ ನಾವಿಕರಾದ ಚೀಫ್ ಸಹಿ ಹಾಕದೆ ಅರ್ಜಿ ಮುಂದೆ ಹೋಗುವಂತಿರಲಿಲ್ಲ. ಅದೋ, ವಾರದಿಂದ ಅವರ ಮೇಜಿನ ಮೇಲೆ, ಪೇಪರ್‌ವೇಟಿನ ಕೆಳಗೆ ಮಡಚಿಟ್ಟಂತೆಯೇ ಕಾಣುತ್ತಿತ್ತು. ಏನಾದರೊಂದು ನೆಪ ಹುಡುಕಿ ಅವನು ದಿನಕ್ಕೆ ನಾಲ್ಕು ಸಲ ಬಾಗಿಲಲ್ಲಿ ಇಣುಕುತ್ತಿದ್ದ.

“ಏನು ತಮ್ಮಾ, ಇವತ್ತೂ ಪೆನ್ನು ಇಲ್ಲೇ ಮರೆತು ಹೋಗಿದ್ಯಾ?” ಚೀಫ್ ಕೇಳಿದರು.

“ನಾನು ಆಫೀಸರಾದ್ರೆ ನೀವು ನಂಗೆ ಸೆಲ್ಯೂಟ್ ಹೊಡೀಬೇಕಾಗ್ತದೆ ಅಂತ ತಾನೇ ಚೀಫ್, ಸಹಿ ಹಾಕದೆ ಇಟ್ಕೊಂಡಿರೋದು?” ಎಂದುಬಿಟ್ಟ. ಅಂದ ಮೇಲೆ ಹೆದರಿದ.

ಚೀಫ್ ಪೇಪರ್‌ವೇಟ್ ಸರಿಸಿ ಕಾಗದ ಬಿಡಿಸಿದರು. ಮಡಿಕೆಗಳಲ್ಲಿ ಅದು ಹಳದಿಯಾಗಿ ಹರಿದಿತ್ತು.

“ನಿಂದು ಸೋಮವಾರವೇ ಸಹಿಯಾಗಿ ಮುಂದೆ ಹೋಯ್ತು. ಇದು ನಂದು. ಇಪ್ಪತ್ತು ವರ್ಷದ ಹಿಂದೆ, ಆಗಿನ ನಮ್ಮ ಚೀಫ್ ಸಹಿ ಹಾಕದೆ ಇಟ್ಕೊಂಡಿದ್ದು.”